ಚಾ, ಕಡಿ ಮತ್ತು ಎರಡು ಮಾತು



ಹೋಟೆಲಿಗೆ ಹೋಗಿ ಕುಳಿತರೆ ನಾವು ಮೊದಲು ಕೇಳುವುದೇನು? "ತಿನ್ನಲಿಕ್ಕೆ ಎಂತ ಉಂಟು?" ಪಕ್ಕದ ಮೇಜಿನವರು "ಕಡಿಕ್ಕಾನ್ ಎಂದುಂಡ್?" ಎನ್ನುತ್ತಾರೆ. ಮೂಲೆಯಲ್ಲಿದ್ದವರು ಅದನ್ನೇ ತುಳುವಿನಲ್ಲಿ ಕೇಳುತ್ತಾರೆ. ಮೂವರಿಗೂ ಬರುವುದು ಅದೇ ಗೋಳಿಬಜೆ, ಅದೇ ಚಾ. ಮಲಯಾಳದಲ್ಲಿ ಚಾದ ಜೊತೆಗಿನ ತಿಂಡಿಗೆ 'ಕಡಿ' ಎಂದೇ ಹೆಸರು. ಕನ್ನಡಿಗನಿಗೆ ಇದರ ಅರ್ಥ ಹೇಳಿಕೊಡಬೇಕಾಗಿಲ್ಲ. ಬಾಯಲ್ಲಿ ಹಲ್ಲಿದ್ದರೆ ಸಾಕು.

ದೂರದ ಸ್ಪೇನ್ ದೇಶದಲ್ಲಿಯೂ ಇಂಥದೇ ಒಂದು ಪದ್ಧತಿಯಿದೆ. ಅಲ್ಲಿ ಕಡಿಗೆ 'ತಾಪಾ' ಎನ್ನುತ್ತಾರೆ. ತಾಪಾ ಎಂದರೆ ಮುಚ್ಚಳ. ಹಿಂದೆ ಮದ್ಯದ ಲೋಟಕ್ಕೆ ನೊಣ ಬೀಳದಂತೆ ಒಂದು ರೊಟ್ಟಿಯ ತುಂಡನ್ನು ಮೇಲೆ ಮುಚ್ಚಿ ಕೊಡುತ್ತಿದ್ದರಂತೆ. ಕ್ರಮೇಣ ಮುಚ್ಚಳವೇ ತಿಂಡಿಯಾಯಿತು ಎಂಬುದು ಅಲ್ಲಿಯವರು ಹೇಳುವ ಕಥೆ. ಉಪ್ಪಿನಲ್ಲಿಟ್ಟ ಆಲಿವ್ ಕಾಯಿ, ಕರಿದ ಸಣ್ಣ ಮೀನು, ಖಾರದ ಗೊಜ್ಜು ಸುರಿದ ಬಟಾಟೆ, ಎಲ್ಲವೂ ಪುಟ್ಟ ಪುಟ್ಟ ತಟ್ಟೆಗಳಲ್ಲಿ. ಗ್ರನಾಡಾ ಎಂಬ ಊರಿನಲ್ಲಿ ಕುಡಿಯಲು ಏನಾದರೂ ತೆಗೆದುಕೊಂಡರೆ ಈ ತಿಂಡಿಗೆ ಬೇರೆ ಹಣವಿಲ್ಲ. ಅದು ಹೊಟ್ಟೆ ತುಂಬುವ ಊಟವಲ್ಲ. ನಾಲ್ಕು ಮಂದಿ ಒಂದೇ ತಟ್ಟೆಗೆ ಕೈಹಾಕಿ ಮಾತಾಡುತ್ತ ಕೂರುವುದಕ್ಕೆ ಅದೊಂದು ನೆಪ. ಆ ದೇಶದ ಹಳೆಯ ದಾರಿಬದಿಯ ತಂಗುಮನೆಗಳಿಗೂ ಹೆಸರುಂಟು. 1605ರಲ್ಲಿ ಪ್ರಕಟವಾದ ಸೆರ್ವಾಂಟಿಸನ ಕಾದಂಬರಿಯಲ್ಲಿ ಡಾನ್ ಕ್ವಿಕ್ಸಾಟ್ ಅಂಥದೊಂದು ತಂಗುಮನೆಯನ್ನು ಕೋಟೆಯೆಂದೇ ಭ್ರಮಿಸುತ್ತಾನೆ. ಊಟಕ್ಕೆ ಮಾತ್ರ ಅವನಿಗೆ ಸಿಕ್ಕಿದ್ದು ಉಪ್ಪುಮೀನು ಮತ್ತು ಕಪ್ಪು ರೊಟ್ಟಿ!

ಸ್ಪೇನು ನಮಗೇಕೆ ಎನ್ನುತ್ತೀರಾ? ಬೆಂಗಳೂರಿನವರು ಆಲೂಗಡ್ಡೆ ಎನ್ನುವುದನ್ನು ಕರಾವಳಿಯ ನಾವು ಬಟಾಟೆ ಎನ್ನುತ್ತೇವೆ. ಅದು ಪೋರ್ಚುಗೀಸರಿಂದ ಬಂದ ಮಾತು. ಸ್ಪೇನಿನವರಿಗೆ ಅದು 'ಪತಾತಾ'. ಬಟಾಟೆ, ಮೆಣಸಿನಕಾಯಿ, ಗೇರು ಮೂರೂ ಅಮೆರಿಕ ಖಂಡದಲ್ಲಿ ಹುಟ್ಟಿ ಹಡಗು ಹತ್ತಿ ಬಂದವು. ಗೇರುಹಣ್ಣನ್ನು ಮಲಯಾಳದಲ್ಲಿ ಪರಂಗಿಯವರ ಮಾವು ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಹಾಗೆಂದು ಬಟಾಟೆ ಪೋಡಿಯನ್ನು ಪರದೇಶಿಯೆಂದು ಯಾರೂ ತಟ್ಟೆಯಿಂದ ತಳ್ಳುವುದಿಲ್ಲ.

1956ರ ನವೆಂಬರ 1ರಂದು ನಮ್ಮ ನೆಲ ಕೇರಳಕ್ಕೆ ಸೇರಿತು. ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ ಬೇಕೆಂದು ಕೇಳುವುದು ನಮ್ಮ ಹಕ್ಕು. ಅದನ್ನು ಬಿಡಲಾಗದು. ಆದರೆ ಭಾಷೆ ಅರ್ಜಿಯಲ್ಲಿ ಮಾತ್ರ ಬದುಕುವುದಿಲ್ಲ. ಹಂಚಿನ ಮಾಡಿನ ಹಳೆಯ ಹೋಟೆಲುಗಳಲ್ಲಿ ಧನಿಗಳು ಗಿರಾಕಿಯೊಡನೆ ಕನ್ನಡದಲ್ಲಿ ಮಾತಾಡಿ, ಒಳಗಿನವರಿಗೆ ಮಲಯಾಳದಲ್ಲಿ ಕೂಗಿ ಹೇಳುತ್ತಿದ್ದರು. ಎಷ್ಟೋ ಮಂದಿ ಎರಡನೆಯ ಭಾಷೆ ಕಲಿತದ್ದು ಆ ಬೆಂಚಿನ ಮೇಲೆ, ಪುಸ್ತಕವಿಲ್ಲದೆ.

ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲವಾಗುವಾಗ ದಾರಿಬದಿಯ ಹಳೆಯ ಕಟ್ಟಡಗಳು ಹೋದವು. ರಸ್ತೆ ಬೇಕು, ಬೇಡವೆನ್ನುವುದಿಲ್ಲ. ಉಳಿದ ಹೋಟೆಲುಗಳಲ್ಲಾದರೂ ನಾವು ಕುಳಿತುಕೊಳ್ಳಬೇಕಲ್ಲ? ಈಗ ಗಾಜಿನ ಪೆಟ್ಟಿಗೆಯೊಳಗಿನ ತಿಂಡಿಗೆ ಬೆರಳು ತೋರಿಸಿದರೆ ಆಯಿತು, ಬಾಯಿ ಬಿಡಬೇಕಾಗಿಲ್ಲ.

ಆದುದರಿಂದ ಒಂದು ಸಣ್ಣ ಕೋರಿಕೆ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ. ತಿಂಡಿಯನ್ನು ಅವರೇ ಕನ್ನಡದಲ್ಲಿ ಕೇಳಲಿ. ಪಕ್ಕದವರು ಮಲಯಾಳದಲ್ಲಿ ಮಾತಾಡಿಸಿದರೆ ಮಲಯಾಳದಲ್ಲಿಯೇ ಉತ್ತರ ಕೊಡಲಿ. ಪಾರ್ಸೆಲ್ ಕಟ್ಟಿಸಿಕೊಂಡು ಬಂದರೆ ತಿಂಡಿ ಮನೆಗೆ ಬರುತ್ತದೆ, ಮಾತು ಬರುವುದಿಲ್ಲ.