ಗೇಟಿನ ಆಚೆಗಿನ ಪಾಲು



ಬೆಂಗಳೂರಿನ ಮಲ್ಲೇಶ್ವರದ ಐಷಾರಾಮಿ ಫ್ಲ್ಯಾಟುಗಳ ಜಾಹೀರಾತನ್ನು ಗಮನವಿಟ್ಟು ಓದಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಈಜುಕೊಳ, ಜಿಮ್, ಕ್ಲಬ್ ಹೌಸುಗಳ ಪಟ್ಟಿಯ ಜೊತೆಗೇ ಮಾರುಕಟ್ಟೆ, ದೇವಸ್ಥಾನ, ಮೆಟ್ರೊ ನಿಲ್ದಾಣ ಎಷ್ಟು ಹತ್ತಿರ ಎಂಬುದೂ ಅಚ್ಚಾಗಿರುತ್ತದೆ. ಮೊದಲಿನವು ಬಿಲ್ಡರ್ ಕಟ್ಟಿದ್ದು. ಎರಡನೆಯವು ಊರು ಕಟ್ಟಿದ್ದು. ಬೆಲೆ ಮಾತ್ರ ಎರಡಕ್ಕೂ ಸೇರಿಯೇ ನಿಗದಿಯಾಗುತ್ತದೆ.

ಈ ಬಡಾವಣೆ ಬೆಳೆದದ್ದು ಸಂಕಟದ ಕಾಲದಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಬದುಕುವುದೇ ಅಪಾಯವಾದಾಗ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ಮನೆಗಳ ನಡುವೆ ಗಾಳಿ-ಬೆಳಕು, ಹಿಂಬದಿಯಲ್ಲೊಂದು ಗಲ್ಲಿ. ನೆರೆಮನೆಯ ಆರೋಗ್ಯ ಕೆಟ್ಟರೆ ತನ್ನದೂ ಉಳಿಯದು ಎಂಬ ಪಾಠ ಆ ನಕ್ಷೆಯಲ್ಲಿತ್ತು.

ಆದರೆ ಹಿಂಬದಿಯ ಗಲ್ಲಿಗೆ ಇನ್ನೊಂದು ಮುಖವೂ ಇತ್ತು. ಮನೆಗಳ ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಅಲ್ಲಿಂದಲೇ ಬಂದುಹೋಗಬೇಕಿತ್ತು. ಇಂದು ಅನೇಕ ಸಮುಚ್ಚಯಗಳಲ್ಲಿ ಮನೆಗೆಲಸದವರಿಗೆ ಪ್ರತ್ಯೇಕ ಲಿಫ್ಟ್ ಇದೆ. ಅಡ್ಡಲಾಗಿದ್ದ ಗಲ್ಲಿ ಈಗ ನೆಟ್ಟಗೆ ನಿಂತಿದೆ, ಅಷ್ಟೆ.

ಕೂಡಿ ಬಾಳುವುದು ಬೆಂಗಳೂರಿಗೆ ಹೊಸದಲ್ಲ. ಹಳೆಯ ವಠಾರಗಳಲ್ಲಿ ಸಾಲು ಮನೆಗಳಿಗೆಲ್ಲ ಒಂದೇ ಅಂಗಳ, ಒಂದೇ ಬಾವಿ ಅಥವಾ ನಲ್ಲಿ. ಜಗಳ ಕೊಡದ ಸಾಲಿನಲ್ಲಿ ಹುಟ್ಟುತ್ತಿತ್ತು, ಸಂಜೆಯ ಹೊತ್ತಿಗೆ ಜಗಲಿಯಲ್ಲಿ ತೀರುತ್ತಿತ್ತು. ವಠಾರದಲ್ಲಿ ಏಕಾಂತವಿರಲಿಲ್ಲ, ಸೌಕರ್ಯವೂ ಕಡಿಮೆ. ಅದನ್ನು ಬಿಟ್ಟುಬಂದವರನ್ನು ದೂರುವಂತಿಲ್ಲ.

ಹೊಸ ವಠಾರಕ್ಕೆ ಕಾನೂನಿನ ಚೌಕಟ್ಟಿದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಫ್ಲ್ಯಾಟ್ ಕೊಂಡವರಿಗೆ ತಮ್ಮ ಮನೆಯ ಜೊತೆಗೆ ನೆಲ, ಮೆಟ್ಟಿಲು, ಲಿಫ್ಟುಗಳಂಥ ಸಾಮಾನ್ಯ ಆಸ್ತಿಯಲ್ಲಿ ಅವಿಭಜಿತ ಪಾಲು ದೊರೆಯುತ್ತದೆ. ಆ ಪಾಲನ್ನು ಬೇರೆ ಮಾಡಿಕೊಡಿ ಎಂದು ಕೇಳುವಂತಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಸಾಮಾನ್ಯ ಸೌಲಭ್ಯವನ್ನು ಬಳಸುತ್ತಿಲ್ಲ ಎಂಬ ಕಾರಣ ಕೊಟ್ಟು ಅದರ ಖರ್ಚಿನಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಈಜು ಬಾರದವರೂ ಕೊಳದ ಖರ್ಚು ಕೊಡಲೇಬೇಕು.

ಈ ನ್ಯಾಯ ಗೇಟಿನ ಬಳಿಯೇ ಯಾಕೆ ನಿಲ್ಲಬೇಕು? ನೀರನ್ನೇ ನೋಡಿ. 1974ರಲ್ಲಿ ಮೊದಲ ಹಂತದಲ್ಲಿ ನಗರಕ್ಕೆ ಬಂದ ಕಾವೇರಿ, ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಬರುತ್ತದೆ. ಬಹುಮಹಡಿ ಕಟ್ಟಡದಲ್ಲಿ ಅದು ಮತ್ತೆ ಮೇಲೇರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ದೊಡ್ಡ ಸಮುಚ್ಚಯಗಳೂ ಟ್ಯಾಂಕರಿಗಾಗಿ ಕಾದವು. ಅಂದು ಅಮೃತಶಿಲೆಯ ಸ್ನಾನದ ಮನೆಗೂ ಪಕ್ಕದ ಗಲ್ಲಿಯ ಪ್ಲಾಸ್ಟಿಕ್ ಕೊಡಕ್ಕೂ ಒಂದೇ ಚಿಂತೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾಯಿತು. ನೀರು ಬಂದರೂ ಪಾಠ ಮರೆಯುವಂಥದ್ದಲ್ಲ.

ರಸ್ತೆಯದೂ ಇದೇ ಕಥೆ. ಗೌರಿ-ಗಣೇಶ ಹಬ್ಬದ ಹಿಂದಿನ ದಿನ ಎಂಟನೇ ಅಡ್ಡರಸ್ತೆಯಲ್ಲಿ ಬಾಳೆಕಂದು, ಹೂವು, ಮಣ್ಣಿನ ಗಣಪನ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಕಾರಿಗೆ ದಾರಿಯಿಲ್ಲವೆಂದು ವ್ಯಾಪಾರಿಗಳನ್ನು ಎತ್ತಂಗಡಿ ಮಾಡಿಸಲು ಹೊರಡುವವರು ಒಂದು ಮಾತು ನೆನೆಯಬೇಕು: ಆ ಹೂವಿನವಳಿರುವುದರಿಂದಲೇ ಅದು ಮಲ್ಲೇಶ್ವರ, ಮಲ್ಲೇಶ್ವರವೆಂಬುದರಿಂದಲೇ ಫ್ಲ್ಯಾಟಿಗೆ ಆ ಬೆಲೆ. ಪಾದಚಾರಿಗೆ ದಾರಿ, ವ್ಯಾಪಾರಿಗೆ ಗುರುತಿಸಿದ ಜಾಗ ಎರಡನ್ನೂ ಒಟ್ಟಿಗೆ ಕೇಳುವುದೇ ಸರಿಯಾದ ದಾರಿ.

ಮಳೆನೀರು ಇಂಗಿಸುವುದು, ಕಸ ಬೇರ್ಪಡಿಸುವುದು, ವಾರ್ಡ್ ಸಭೆಗೆ ಹೋಗುವುದು, ಕೆಲಸದವರಿಗೆ ಎಲ್ಲರ ಲಿಫ್ಟನ್ನೇ ತೆರೆಯುವುದು—ಇವು ಉಪಕಾರವಲ್ಲ. ಕ್ರಯಪತ್ರದಲ್ಲಿ ಬರೆಯದೆ ಉಳಿದ ಅವಿಭಜಿತ ಪಾಲಿನ ಬಾಕಿ.