ಭೀಮೆಗೆ ಹೋಗುವ ನೀರು

(ಪುಣೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡುನುಡಿಗಳ ಮಾತು ಬರುವುದು ವಾಡಿಕೆ. ಇಂಥಲ್ಲಿ ಮುಠಾ ನದಿಯ ಕಸದ ಮಾತೇಕೆ ಎಂದು ಕೆಲವರಿಗೆ ತೋರಬಹುದು. ಇದೂ ನಾಡಿನ ಮಾತೇ ಎಂಬುದು ನಮ್ಮ ನಂಬಿಕೆ. ಏಕೆಂದರೆ ಈ ನದಿ ಪುಣೆಯಲ್ಲಿ ಮುಗಿಯುವುದಿಲ್ಲ.

ಸಹ್ಯಾದ್ರಿಯಲ್ಲಿ ಹುಟ್ಟಿದ ಮುಠೆ ಖಡಕವಾಸಲೆಯ ಕಟ್ಟೆಯನ್ನು ದಾಟಿ ಊರೊಳಕ್ಕೆ ಬರುತ್ತಾಳೆ. ಸಂಗಮದಲ್ಲಿ ಮುಳೆಯನ್ನು ಕೂಡಿ, ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತಾಳೆ. ಭೀಮೆಯಾದರೋ ಉಜನಿಯ ಜಲಾಶಯದಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬಂದು, ಗಾಣಗಾಪುರವನ್ನೂ ಯಾದಗಿರಿಯನ್ನೂ ಕಂಡು, ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯಲ್ಲಿ ಒಂದಾಗುತ್ತಾಳೆ. ನಮ್ಮಲ್ಲಿ ಇಂಡಿ, ಅಫಜಲಪುರ, ಕಲಬುರಗಿಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಬಂದ ಮನೆತನಗಳು ಎಷ್ಟಿಲ್ಲ! ಇಲ್ಲಿ ನಾವು ನೀರಿಗೆ ಬಿಟ್ಟ ಹೊಲಸಿನಲ್ಲಿ ಕೆಲವಷ್ಟು ಉಜನಿಯಲ್ಲಿ ನಿಂತು ಪಾಚಿಯನ್ನು ಬೆಳೆಸುತ್ತದೆ. ಮಳೆಗಾಲದಲ್ಲಿ ಆ ಕಟ್ಟೆ ತುಂಬಿ ಬಾಗಿಲು ತೆರೆದಾಗ ಉಳಿದುದು ನಮ್ಮ ಅಣ್ಣತಮ್ಮಂದಿರ ಹೊಲದಂಚಿಗೆ ಹೋಗುತ್ತದೆ. ನಾವು ಊರಿಗೆ ಹಣ ಕಳಿಸುತ್ತೇವೆ, ಹಬ್ಬಕ್ಕೆ ಬಟ್ಟೆ ಕಳಿಸುತ್ತೇವೆ. ಅದರ ಜತೆಗೆ ಇದನ್ನೂ ಕಳಿಸುತ್ತಿದ್ದೇವೆ.

ಕನ್ನಡಿಗರಿಗೂ ಈ ನದಿಗೂ ಹಳೆಯ ನಂಟುಂಟು. ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ತಾವು ರೂಪಿಸಿದ, ತಾನಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅವರು 1903ರಲ್ಲಿ ಅಳವಡಿಸಿದ್ದು ಇದೇ ಖಡಕವಾಸಲೆಯ ಕಟ್ಟೆಗೆ. ಮುಂದೆ 1961ರ ಜುಲೈ 12ರಂದು ಪಾನಶೇತ ಕಟ್ಟೆ ಒಡೆದು, ಅದರ ಹೊಡೆತಕ್ಕೆ ಖಡಕವಾಸಲೆಯೂ ಒಡೆದು, ನದಿಯು ಪುಣೆಯ ಪೇಟೆಗಳಿಗೆ ನುಗ್ಗಿತು. ಅಂದು ಜನ ನದಿಗೆ ಅಂಜಿದರು. ಇಂದು ನದಿಯನ್ನು ಕಂಡು ಮೂಗು ಮುಚ್ಚಿಕೊಳ್ಳುತ್ತಾರೆ. ಅಂಜಿಕೆಯಲ್ಲಾದರೂ ಒಂದು ಮರ್ಯಾದೆ ಇತ್ತು.

ಈ ಸ್ಥಿತಿಯನ್ನು ನೋಡಲಾರದೆ ಈ ಊರಿನವರು ಕೆಲವರು ತಾವಾಗಿ ಮುಂದೆ ಬಂದರು. ‘ಜೀವಿತ ನದಿ’ ಎಂಬ ಸಂಸ್ಥೆಯವರು, ನದಿಯ ದಡವನ್ನು ದತ್ತು ತೆಗೆದುಕೊಳ್ಳೋಣ ಎಂಬ ಕಾರ್ಯವನ್ನು ಹೂಡಿದರು. ವಿಠ್ಠಲವಾಡಿಯ ಬಳಿ ಮುಠೆಯ ದಡ, ಔಂಧದ ಬಳಿ ರಾಮನದಿಯು ಮುಳೆಯನ್ನು ಸೇರುವ ಎಡೆ, ಹೀಗೆ ಗೊತ್ತಾದ ಒಂದೊಂದು ಜಾಗವನ್ನು ತಮ್ಮದೆಂದು ಕಾಯುವುದು ಅವರ ಪದ್ಧತಿ. ಬ್ಯಾಂಕಿನ ಗುಮಾಸ್ತರಾದ ನಮಗೂ ನಮ್ಮ ನೆರೆಯ ನಾಲ್ಕೈದು ಮನೆಯವರಿಗೂ ರವಿವಾರ ಬೆಳಗಿನ ಎರಡು ತಾಸು ನದಿಯ ದಡದಲ್ಲಿ ಕಳೆಯುವ ರೂಢಿಯಾಗಿದೆ.

ಅಲ್ಲಿ ಸಿಗುವುದೇನು? ಹಾಲಿನ ಚೀಲ, ಥರ್ಮೋಕೋಲ್, ದೇವರ ಪಟಗಳ ಚೌಕಟ್ಟು, ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲದೊಳಗೆ ಕೊಳೆತ ಹೂಮಾಲೆ. ಎಲ್ಲಕ್ಕಿಂತ ಕಠಿಣವಾದದ್ದು ಹಳೆಯ ಬಟ್ಟೆ. ಅದು ಕೆಸರಿನಲ್ಲಿ ಹೂತು, ಬೇರುಗಳಿಗೆ ಸುತ್ತಿಕೊಂಡು, ಇಬ್ಬರು ಹಿಡಿದು ಜಗ್ಗಿದರೂ ಬಾರದು. ದೇವರಿಗೆ ಏರಿಸಿದ್ದನ್ನು ತುಳಿಯಬಾರದೆಂದು ನದಿಗೆ ಹಾಕುತ್ತೇವೆ; ಕೊನೆಗೆ ಅದು ಚರಂಡಿಯ ನೀರಿನಲ್ಲಿ ತೇಲುತ್ತದೆ.

‘ನೀವು ಹತ್ತು ಚೀಲ ಕಸ ಎತ್ತಿದರೆ ನದಿ ಶುದ್ಧವಾದೀತೆ? ಇದು ನಗರಪಾಲಿಕೆಯ ಕೆಲಸ’ ಎಂದು ಗೆಳೆಯರು ಕೇಳುತ್ತಾರೆ. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ನದಿಯನ್ನು ಹೆಚ್ಚಾಗಿ ಕೆಡಿಸಿದ್ದು ಶುದ್ಧಿಮಾಡದೆ ಬಿಟ್ಟ ಊರಿನ ಮಲಿನ ನೀರು. ಅದನ್ನು ತಡೆಯಲೆಂದೇ 2016ರಲ್ಲಿ ಜಪಾನಿನ ನೆರವಿನಿಂದ ಸುಮಾರು 990 ಕೋಟಿ ರೂಪಾಯಿಗಳ, 11 ಹೊಸ ಶುದ್ಧೀಕರಣ ಘಟಕಗಳ ಯೋಜನೆಗೆ ಒಪ್ಪಂದವಾಯಿತು. ಗೋಣಿಚೀಲ ಹಿಡಿದವರು ಆ ಕೆಲಸವನ್ನು ಮಾಡಲಾರರು. ಆದರೆ ಕೈಯಿಂದ ಎಸೆದ ಚೀಲವನ್ನು ಯಾವ ಘಟಕವೂ ತಡೆಯಲಾರದು. ಮೇಲಾಗಿ, ದಡದಲ್ಲಿ ನಿಂತು ಕೆಸರನ್ನು ಮುಟ್ಟಿದವನು ಈ ನಾಲೆ ಎಲ್ಲಿಂದ ಬಂತು, ಘಟಕದ ಕೆಲಸ ಎಲ್ಲಿಗೆ ಬಂತು ಎಂದು ಕೇಳಲು ಕಲಿಯುತ್ತಾನೆ. ಕೇಳುವವರಿಲ್ಲದ ಖಾತೆಯಲ್ಲಿ ಲೆಕ್ಕ ತಪ್ಪುವುದು ಬ್ಯಾಂಕಿನಲ್ಲಿಯೂ ಉಂಟು, ನದಿಯಲ್ಲಿಯೂ ಉಂಟು.

ಆದ್ದರಿಂದ ನಮ್ಮ ವಿನಂತಿ ನಾಲ್ಕೇ. ನಿರ್ಮಾಲ್ಯವನ್ನು ಕುಂಡದ ಮಣ್ಣಿಗೆ ಗೊಬ್ಬರ ಮಾಡಿರಿ. ಗಣಪತಿಯನ್ನು ಹೌದಿನಲ್ಲಿಯೋ ಮನೆಯ ಬಕೀಟಿನಲ್ಲಿಯೋ ಬಿಡಿರಿ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಳೆಯ ಬಟ್ಟೆ, ಪಟಗಳು ಸೇತುವೆಯ ದಾರಿ ಹಿಡಿಯದಂತೆ ನೋಡಿಕೊಳ್ಳಿರಿ. ತಿಂಗಳಿಗೆ ಒಂದು ರವಿವಾರ ಮಕ್ಕಳನ್ನು ದಡಕ್ಕೆ ಕರೆತನ್ನಿರಿ. ಆದರೆ ಕಟ್ಟೆಯಿಂದ ನೀರು ಬಿಡುವ ಮಳೆಗಾಲದಲ್ಲಿ ಬೇಡ.

ನಮ್ಮ ಮಕ್ಕಳು ಹುಟ್ಟಿದ್ದು ಇಲ್ಲಿ. ‘ನಿಮ್ಮ ಊರು ಯಾವುದು?’ ಎಂದರೆ ಅವರು ತಡವರಿಸುತ್ತಾರೆ. ಹುಟ್ಟಿದ ಊರಿನ ನೀರು ಅಜ್ಜನ ಊರಿನ ಕಡೆಗೇ ಹರಿಯುತ್ತದೆ ಎಂದು ಅವರಿಗೆ ದಡದಲ್ಲಿ ನಿಲ್ಲಿಸಿ ತೋರಿಸಬಹುದು. ಆದರೆ ಹಾಗೆ ತೋರಿಸುವಾಗ ಆ ನೀರು ನೋಡುವಂತಿರಬೇಕು.