ಶಾಲಾ ಕಚೇರಿಯ ಕಾಗದ, ಕಸ ಮತ್ತು ಕನ್ನಡ



ಪಾಲಮಲೆಯ ಮಗ್ಗುಲಲ್ಲಿ ಕಾವೇರಿಯು ಮೆಟ್ಟೂರು ಜಲಾಶಯವಾಗಿ ನಿಂತಿದೆ. 1934ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟೆಯ ನೀರು ತಂಜಾವೂರು ಸೀಮೆಯ ಗದ್ದೆಗಳವರೆಗೂ ಹರಿಯುತ್ತದೆ. ಬೆಟ್ಟದ ಮೇಲೆ ಎಸೆದ ಪ್ಲಾಸ್ಟಿಕ್ ಚೀಲ ಮಳೆಗಾಲದಲ್ಲಿ ಹಳ್ಳವನ್ನು ಸೇರುತ್ತದೆ. ಹಳ್ಳವು ನದಿಯತ್ತ ಇಳಿಯುತ್ತದೆ. ಮಲೆಯ ಊರಿನ ಕಸ ಆ ಊರಿನದಷ್ಟೇ ಆಗಿ ಉಳಿಯುವುದಿಲ್ಲ.

ಪೇಟೆಯ ಬೀದಿಗೆ ಕಸದ ಗಾಡಿ ಬರುತ್ತದೆ. ಬೆಟ್ಟದ ಊರುಗಳಿಗೆ ಅದು ದಿನವೂ ಏರಿ ಬರುವುದು ಕಷ್ಟ. ಆದ್ದರಿಂದ ಶಾಲೆಯ ಹಿತ್ತಲಲ್ಲಿ ಕಸಕ್ಕೆ ಬೆಂಕಿಯಿಡುವುದೇ ಸುಲಭದ ದಾರಿಯೆಂದು ತೋರುತ್ತದೆ. ಆದರೆ ಪ್ಲಾಸ್ಟಿಕ್ ಉರಿದ ಹೊಗೆಯಲ್ಲಿ ವಿಷವಸ್ತುಗಳಿರುತ್ತವೆ. ಆ ಹೊಗೆಯನ್ನು ಮೊದಲು ಉಸಿರಾಡುವವರು ಅಂಗಳದಲ್ಲಿ ಆಡುವ ಮಕ್ಕಳೇ. ಇಂಥ ಕಡೆ ಕಸವನ್ನು ಸಾಗಿಸುವುದಕ್ಕಿಂತ, ಕಸವೇ ಹುಟ್ಟದಂತೆ ನೋಡಿಕೊಳ್ಳುವುದು ಜಾಣತನ.

ಶಾಲಾ ಕಚೇರಿಯಲ್ಲಿ ಹೆಚ್ಚಾಗಿ ಹುಟ್ಟುವ ಕಸ ಕಾಗದವೇ. ಇದರ ಲೆಕ್ಕವನ್ನು ಮಕ್ಕಳೂ ಮಾಡಬಲ್ಲರು. ಹದಿನಾರು ಎ-4 ಹಾಳೆಗಳನ್ನು ಜೋಡಿಸಿದರೆ ಹೆಚ್ಚುಕಡಿಮೆ ಒಂದು ಚದರ ಮೀಟರ್ ಆಗುತ್ತದೆ. ಸಾಮಾನ್ಯವಾಗಿ ಬಳಸುವ ಹಾಳೆ ಚದರ ಮೀಟರಿಗೆ 80 ಗ್ರಾಂ ತೂಗುತ್ತದೆ. ಎಂದರೆ ಒಂದು ಹಾಳೆಗೆ 5 ಗ್ರಾಂ. 500 ಹಾಳೆಗಳ ಒಂದು ರೀಮಿಗೆ ಎರಡೂವರೆ ಕಿಲೋ. ಒಂದೇ ಮಗ್ಗುಲಲ್ಲಿ ಮುದ್ರಿಸುವ ಕಚೇರಿಯು ಪ್ರತಿ ರೀಮಿನ ಅರ್ಧದಷ್ಟು ಜಾಗವನ್ನು ಬಳಸದೆಯೇ ರದ್ದಿಗೆ ಹಾಕುತ್ತದೆ.

ಭಾಷಾ ಅಲ್ಪಸಂಖ್ಯಾತರ ಶಾಲೆಗೆ ಇನ್ನೊಂದು ಕಷ್ಟವಿದೆ. ಮೇಲಿನ ಕಚೇರಿಯ ಪತ್ರ ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರುತ್ತದೆ. ಪಾಲಕರಿಗೆ ಅದನ್ನು ಕನ್ನಡದಲ್ಲಿ ತಿಳಿಸಬೇಕಾಗುತ್ತದೆ. ಹೀಗೆ ಒಂದು ಸೂಚನೆಗೆ ಎರಡು ಹಾಳೆಗಳಾಗುತ್ತವೆ. ಮಿತವ್ಯಯದ ಮಾತು ಬಂದಾಗ ಮೊದಲು ಕೈಬಿಡುವುದು ಕನ್ನಡದ ಹಾಳೆಯನ್ನೇ ಆಗುವ ಅಪಾಯವಿದೆ. ಕಾಗದದ ಉಳಿತಾಯವು ಭಾಷೆಯ ಉಳಿತಾಯವಾಗಬಾರದು. ಹಾಳೆಯ ಒಂದು ಮಗ್ಗುಲಲ್ಲಿ ತಮಿಳು, ಇನ್ನೊಂದು ಮಗ್ಗುಲಲ್ಲಿ ಕನ್ನಡ ಎಂದು ಮುದ್ರಿಸಿದರೆ ಕಾಗದ ಅರ್ಧಕ್ಕಿಳಿಯುತ್ತದೆ, ಭಾಷೆಗೂ ಲೋಪವಾಗುವುದಿಲ್ಲ. ಸೂಚನಾ ಫಲಕಕ್ಕೆ ಒಂದು ಪ್ರತಿ ಸಾಕಾಗುವಲ್ಲಿ ಮನೆಮನೆಗೆ ಪ್ರತಿ ಕಳುಹಿಸುವ ಅಗತ್ಯವಿಲ್ಲ. ಓದು ಬಾರದ ಪಾಲಕರಿಗಂತೂ ತರಗತಿಯ ಮಗುವಿನ ಬಾಯಿಮಾತೇ ಒಳ್ಳೆಯ ಸುತ್ತೋಲೆ.

ಒಂದು ಮಗ್ಗುಲು ಖಾಲಿಯಿರುವ ಹಾಳೆಗಳನ್ನು ಹೊಲಿದು ಚಿತ್ತುಪುಸ್ತಕ ಮಾಡಬಹುದು. ಎರಡೂ ಮಗ್ಗುಲು ತುಂಬಿದವು ರದ್ದಿಗೆ ಸೇರಲಿ. ಆದರೆ ಅವು ಒಣಗಿರಬೇಕು, ಶುಚಿಯಾಗಿರಬೇಕು. ಎಣ್ಣೆ ಅಂಟಿದ, ಪ್ಲಾಸ್ಟಿಕ್ ಹೊದಿಸಿದ ಕಾಗದವನ್ನು ಅದರೊಡನೆ ಬೆರೆಸಿದರೆ ಇಡೀ ಕಟ್ಟು ಕೆಡುತ್ತದೆ. ಮರುಬಳಕೆಗೂ ಮಿತಿಯುಂಟು: ಪ್ರತಿ ಸಲ ತಿರುಳು ಮಾಡುವಾಗ ಕಾಗದದ ನಾರು ಗಿಡ್ಡವಾಗುತ್ತದೆ, ಹೊಸ ನಾರನ್ನು ಬೆರೆಸಬೇಕಾಗುತ್ತದೆ. ಆದ್ದರಿಂದ ಬಳಕೆಯನ್ನು ತಗ್ಗಿಸುವುದು ಮೊದಲು, ಮರುಬಳಕೆ ಆಮೇಲೆ.

ಒಬ್ಬರ ಕಸ ಇನ್ನೊಬ್ಬರ ಕಚ್ಚಾಸಾಮಗ್ರಿ ಎಂಬುದಕ್ಕೆ ದೃಷ್ಟಾಂತ ಇದೇ ಕಾವೇರಿಯ ಕೆಳಹರಿವಿನಲ್ಲಿದೆ. ಕರೂರು ಜಿಲ್ಲೆಯ ಕಾಗಿತಪುರಂನಲ್ಲಿರುವ ತಮಿಳುನಾಡು ಸರ್ಕಾರದ ಕಾಗದ ಕಾರ್ಖಾನೆಯು, ಸಕ್ಕರೆ ಕಾರ್ಖಾನೆಗಳಲ್ಲಿ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯಿಂದ ಕಾಗದ ತಯಾರಿಸುತ್ತದೆ. ಸಮಾಜ ವಿಜ್ಞಾನ ಮತ್ತು ವಿಜ್ಞಾನ ಪಾಠಗಳೆರಡಕ್ಕೂ ಇದು ಒದಗುತ್ತದೆ.

ರದ್ದಿ ಕಟ್ಟುವಾಗ ಒಂದು ಎಚ್ಚರ ಬೇಕು. ದಾಖಲಾತಿ ಪುಸ್ತಕ, ವರ್ಗಾವಣೆ ಪತ್ರಗಳ ಪ್ರತಿ, ಹಾಜರಿ ಪುಸ್ತಕ ಇವು ಹಳೆಯವಾದರೂ ಕಸವಲ್ಲ. ಒಂದು ಊರಿನ ಮಕ್ಕಳು ಕನ್ನಡ ಕಲಿತರೆಂಬುದಕ್ಕೆ ಅವೇ ಸಾಕ್ಷಿ. ನಿಯಮದ ಅವಧಿ ಮುಗಿಯದೆ, ಮೇಲಧಿಕಾರಿಗಳ ಅನುಮತಿಯಿಲ್ಲದೆ ಯಾವ ಕಡತವನ್ನೂ ತೆಗೆಯಬಾರದು. ಹಳೆಯ ಆವೃತ್ತಿಯ ಕನ್ನಡ ಪಠ್ಯಪುಸ್ತಕವೂ ಹಾಗೆಯೇ. ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗದ ಊರಿನಲ್ಲಿ ಅದು ತರಗತಿ ಗ್ರಂಥಾಲಯದ ಮೂಲಧನ. ಹರಿದುದರ ಚಿತ್ರಗಳನ್ನು ಕತ್ತರಿಸಿದರೆ ಒಂದನೆಯ ತರಗತಿಗೆ ಪದಕಾರ್ಡುಗಳು ಸಿದ್ಧವಾಗುತ್ತವೆ.

ಉಳಿದ ಕಸಕ್ಕೆ ದಾರಿ ಸರಳ. 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಹುಟ್ಟಿದಲ್ಲೇ ಮೂರಾಗಿ ಬೇರ್ಪಡಿಸಲು ಹೇಳಿದವು. ಊಟದ ಉಳಿಕೆ, ತರಗೆಲೆಗಳು ಗೊಬ್ಬರದ ಗುಂಡಿಗೆ. ಕಾಗದ, ರಟ್ಟು ರದ್ದಿಗೆ. ಬ್ಯಾಟರಿ, ಪಾದರಸವಿರುವ ಟ್ಯೂಬ್‌ಲೈಟ್‌ಗಳು ಬೇರೆ ಪೆಟ್ಟಿಗೆಗೆ; ಅವನ್ನು ಒಡೆಯಬಾರದು. ತಮಿಳುನಾಡಿನಲ್ಲಿ 2019ರ ಜನವರಿ 1ರಿಂದ ಪ್ಲಾಸ್ಟಿಕ್ ಲೋಟ, ತಟ್ಟೆ, ಚೀಲ ಮೊದಲಾದ ಒಮ್ಮೆ ಬಳಸಿ ಎಸೆಯುವ ವಸ್ತುಗಳಿಗೆ ನಿಷೇಧವಿದೆ. ಶಿಕ್ಷಕರ ಸಭೆಯಲ್ಲಿ ಸ್ಟೀಲ್ ಲೋಟವಿದ್ದರೆ, ಮಕ್ಕಳಿಗೆ ಆ ನಿಷೇಧದ ಪಾಠವನ್ನು ಬೇರೆಯಾಗಿ ಹೇಳಬೇಕಿಲ್ಲ. ರಾಜ್ಯವು 2021ರಲ್ಲಿ ಮತ್ತೆ ರೂಢಿಗೆ ತರಲು ಹೊರಟ ಹಳದಿ ಬಟ್ಟೆಯ ಕೈಚೀಲವನ್ನು ಶಿಕ್ಷಕರೇ ಹಿಡಿದು ಬರಲಿ.

ಕೊನೆಯದಾಗಿ ಒಂದು ಚಟುವಟಿಕೆ. ಐದನೆಯ ತರಗತಿಯ ಮಕ್ಕಳು ಒಂದು ವಾರ ಕಚೇರಿಯ ಕಸವನ್ನು ಬೇರ್ಪಡಿಸಿ, ತಕ್ಕಡಿಯಲ್ಲಿ ತೂಗಿ, ಕೋಷ್ಟಕದಲ್ಲಿ ಕನ್ನಡದಲ್ಲಿ ಬರೆಯಲಿ. ಬೆಂಕಿಯಿಟ್ಟ ದಿನವಿದ್ದರೆ ಅದನ್ನೂ ಬರೆಯಲಿ. ತಿಂಗಳ ಬಳಿಕ ಮತ್ತೆ ತೂಗಿ ಹೋಲಿಸಲಿ. ಆ ಕೋಷ್ಟಕವನ್ನು ಮುಖ್ಯ ಶಿಕ್ಷಕರ ಮೇಜಿನೆದುರು ತೂಗುಹಾಕಬೇಕು. ಅದಕ್ಕೆ ಹೊಸ ಹಾಳೆ ಬೇಡ. ಹಳೆಯ ಕ್ಯಾಲೆಂಡರಿನ ಬೆನ್ನು ಸಾಕು.